ನಡಾವಳಿಯಲ್ಲಿ ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂದು ಬರೆದರೆ ಕಾಮಗಾರಿ ಮಂಜೂರಾದಂತೆಯೇ?

ಪ್ರಶ್ನೆ: ಮೋರಿಪಕ್ಕದ ಅಂಗಡಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಸಣ್ಣ ಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮದು ಪಟ್ಟಣ ಪಂಚಾಯಿತಿ. ಊರಿನ ಹೆಸರು ಹೇಳುವುದು ಬೇಡವೆಂದುಕೊಂಡಿದ್ದೇನೆ, ಏಕೆಂದರೆ ನನ್ನ ಪ್ರಶ್ನೆ ಯಾರ ಮೇಲಿನ ದೂರೂ ಅಲ್ಲ. ಒಂದು ವಾಕ್ಯದ ಅರ್ಥವೇನೆಂದು ತಿಳಿದುಕೊಳ್ಳಬೇಕಾಗಿದೆ, ಅಷ್ಟೆ.

ನಮ್ಮ ಬೀದಿಯ ಮೋರಿ ಹಳೆಯ ಜಂಬಿಟ್ಟಿಗೆ ಕಲ್ಲಿನದು. ಎರಡು ಕಡೆ ಅದರ ಗೋಡೆ ಒಳಕ್ಕೆ ಕುಸಿದಿದೆ. ಅಡಿಕೆ ಸುಲಿತ ಮುಗಿದ ಮೇಲೆ ಮೇಲಿನ ಬೀದಿಯಲ್ಲಿ ಸಿಪ್ಪೆಯನ್ನು ರಸ್ತೆಯ ಅಂಚಿಗೆ ಸುರಿಯುವುದು ವಾಡಿಕೆಯಾಗಿಬಿಟ್ಟಿದ್ದು, ಮಳೆ ಹಿಡಿದ ಕೂಡಲೇ ಅದೆಲ್ಲ ಕೊಚ್ಚಿಕೊಂಡು ಬಂದು ಕುಸಿದ ಜಾಗದಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ನೀರಿಗೆ ನನ್ನ ಅಂಗಡಿಯ ಮೆಟ್ಟಿಲೇ ದಾರಿ. ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ಕೆಳಗಿನ ಹಲಗೆಯ ಮೇಲಿದ್ದ ಆರು ಮೂಟೆ ಅಕ್ಕಿ ಒಂದೇ ರಾತ್ರಿಗೆ ನೆನೆದು ಹಾಳಾಯಿತು.

ಮೋರಿಯನ್ನು ಹೊಸದಾಗಿ ಕಟ್ಟಿಸಿ, ಅಲ್ಲಿಯವರೆಗೆ ಹೂಳನ್ನಾದರೂ ತೆಗೆಸಿಕೊಡಿ ಎಂದು ನಮ್ಮ ಬೀದಿಯ ಹನ್ನೊಂದು ಮನೆಯವರು ಸಹಿ ಮಾಡಿ ಅರ್ಜಿ ಕೊಟ್ಟಿದ್ದೆವು. ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲಿ ನಮ್ಮ ವಾರ್ಡಿನ ಸದಸ್ಯರು ಅದನ್ನು ಪ್ರಸ್ತಾಪಿಸಿದರು. ನಡಾವಳಿಯ ಆ ಪುಟದ ಚಿತ್ರವನ್ನು ಅವರೇ ನನ್ನ ಮೊಬೈಲಿಗೆ ಕಳಿಸಿದ್ದಾರೆ. ಅದರಲ್ಲಿ ಹೀಗಿದೆ: “ಸದರಿ ವಿಷಯವನ್ನು ಸಭೆಯಲ್ಲಿ ಚರ್ಚಿಸಿ, ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮವಹಿಸಲು ತೀರ್ಮಾನಿಸಲಾಯಿತು.” ಕೆಲಸ ಆದಂತೆಯೇ ಎಂದು ಸದಸ್ಯರು ಹೇಳುತ್ತಿದ್ದಾರೆ; ಕಚೇರಿಯಲ್ಲಿ ವಿಚಾರಿಸಿದರೆ “ನೋಡೋಣ” ಎನ್ನುತ್ತಾರೆ. ಈ ತೀರ್ಮಾನಕ್ಕೆ ನಿಜವಾಗಿ ಎಷ್ಟು ಬೆಲೆಯಿದೆ? ಮಳೆಗಾಲ ಬರುವ ಮೊದಲು ನಾವು ಇನ್ನೇನು ಮಾಡಬಹುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೇ ಗುಮಾಸ್ತ

ಅಂಗಡಿಯವರೇ, ತಾವು ಉದ್ಧರಿಸಿರುವ ವಾಕ್ಯವನ್ನು ನಾನು ನನ್ನ ಕೈಯಾರೆ ನೂರಾರು ಸಲ ಬರೆದಿದ್ದೇನೆ. ಬೇರೊಂದು ತಾಲ್ಲೂಕಿನ ಪಟ್ಟಣ ಪಂಚಾಯಿತಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ನಿವೃತ್ತನಾದವನು ನಾನು. ಸಭೆಯ ಶಾಖೆ ಹಲವು ವರ್ಷ ನನ್ನ ಮೇಜಿನಲ್ಲೇ ಇತ್ತು. ಯಾರಿಗೂ ‘ಇಲ್ಲ’ ಎನ್ನಬಾರದು, ಆದರೆ ಯಾರಿಗೂ ಮಾತು ಕೊಟ್ಟಂತೆಯೂ ಆಗಬಾರದು ಎಂಬ ಸಂದರ್ಭಕ್ಕಾಗಿಯೇ ಆ ವಾಕ್ಯ ಹುಟ್ಟಿಕೊಂಡಿದೆ. ಅದು ನಿರಾಕರಣೆಯಲ್ಲ, ಮಂಜೂರಾತಿಯಂತೂ ಖಂಡಿತ ಅಲ್ಲ.

ಕಾಮಗಾರಿಯೊಂದು ನಿಜವಾಗಿ ನಡೆಯಬೇಕಾದರೆ ತೀರ್ಮಾನದಲ್ಲಿ ಅಂದಾಜು ಮೊತ್ತ ಇರಬೇಕು, ಯಾವ ಅನುದಾನ ಮತ್ತು ಯಾವ ಲೆಕ್ಕ ಶೀರ್ಷಿಕೆಯಿಂದ (ಅಂದರೆ ಆಯವ್ಯಯದ ಯಾವ ಬಾಬಿನಿಂದ) ಹಣ ಭರಿಸುವುದೆಂದು ಇರಬೇಕು, ಯಾವ ಸಾಲಿನ ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡಬೇಕಾದ ಕಾಮಗಾರಿಗಳ ಪಟ್ಟಿಗೆ, ಸೇರಿಸಲಾಗಿದೆ ಎಂಬುದು ಇರಬೇಕು. ತಮ್ಮ ವಾಕ್ಯದಲ್ಲಿ ಇವು ಯಾವುವೂ ಇಲ್ಲ. ‘ಅನುದಾನದ ಲಭ್ಯತೆ’ ಎಂಬ ಮಾತು ಬಂದಿದೆಯೆಂದರೆ ಹಣದ ಮೂಲವನ್ನು ಇನ್ನೂ ಯಾರೂ ಹುಡುಕಿಲ್ಲ ಎಂದೇ ತಿಳಿಯಿರಿ.

ಹಣ ಎಲ್ಲಿಂದ ಬರುತ್ತದೆಂಬುದು ಗೊತ್ತಿದ್ದರೆ ಕೇಳುವುದು ಸುಲಭ. ಮೊದಲನೆಯದು ಪಂಚಾಯಿತಿಯ ಸ್ವಂತ ನಿಧಿ, ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಸಂತೆ ಸುಂಕದ ಹರಾಜಿನಿಂದ ಬಂದದ್ದು. ಇದರಲ್ಲಿ ಪಂಪ್‌ಹೌಸಿನ ವಿದ್ಯುತ್ ಬಿಲ್ಲು, ಬೀದಿದೀಪ, ವಾಹನಗಳ ಡೀಸೆಲ್ ಇತ್ಯಾದಿ ಕಳೆದರೆ ಸಣ್ಣ ಊರುಗಳಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದರಲ್ಲಿಯೂ ಶೇ. 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ. 7.25ನ್ನು ಇತರೆ ಬಡ ಕುಟುಂಬಗಳಿಗೆ, ಶೇ. 5ನ್ನು ಅಂಗವಿಕಲರಿಗೆ ಎಂದು ತೆಗೆದಿರಿಸಬೇಕು. ಎರಡನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ. ಮೂರನೆಯದು ಕೇಂದ್ರ ಹಣಕಾಸು ಆಯೋಗದ್ದು. 15ನೇ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟದ್ದರಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಮಿಕ್ಕ ಶೇ. 40ರಲ್ಲಿ ಎಲ್ಲ ವಾರ್ಡಿನವರೂ ತಮ್ಮ ರಸ್ತೆಗಾಗಿ ಜಗ್ಗಾಡಬೇಕಾಗಿತ್ತು. ಹೀಗಾಗಿ ತಮ್ಮ ಮೋರಿಯನ್ನು ಅಭಿಯಂತರರು ಯಾವ ತಲೆಬರಹದಲ್ಲಿ ತೋರಿಸುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. ಅದನ್ನೇ ಮೊದಲು ಕೇಳಿ.

ಇನ್ನೊಂದು ಮಾತು. ಸದಸ್ಯರು ಕಳಿಸಿದ ಚಿತ್ರವನ್ನೇ ನಂಬಿಕೊಂಡು ಕೂರಬೇಡಿ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವೇ ಪಟ್ಟಣ ಪಂಚಾಯಿತಿಗಳಿಗೂ ಅನ್ವಯಿಸುತ್ತದೆ. ಅದರಂತೆ ಸಾಮಾನ್ಯ ಸಭೆಗೆ ಏಳು ಪೂರ್ಣ ದಿನಗಳ, ವಿಶೇಷ ಸಭೆಗೆ ಮೂರು ಪೂರ್ಣ ದಿನಗಳ ಸೂಚನಾ ಪತ್ರ ಹೊರಡಬೇಕು. ನಡಾವಳಿ ಪುಸ್ತಕವನ್ನು ಸಾರ್ವಜನಿಕರು ನೋಡಲು ಅವಕಾಶವಿದೆ. ತಾವೇ ಹೋಗಿ ಆ ವಿಷಯದ ಮೇಲಿನ ಕಚೇರಿ ಟಿಪ್ಪಣಿಯನ್ನು ಓದಿ. ಬಲಗಡೆ ತೀರ್ಮಾನ ಎಷ್ಟೇ ಮೃದುವಾಗಿದ್ದರೂ, ಎಡಗಡೆಯ ಟಿಪ್ಪಣಿಯಲ್ಲಿ ಅಂದಾಜು ಪಟ್ಟಿ ತಯಾರಾಗಿದೆಯೋ ಇಲ್ಲವೋ ಎಂಬುದು ಕಾಣುತ್ತದೆ. ನಮ್ಮ ಕಚೇರಿಯಲ್ಲಂತೂ ಪುಟವನ್ನು ಹಾಗೆ ಎರಡು ಕಂಬ ಮಾಡಿಯೇ ಬರೆಯುತ್ತಿದ್ದೆವು.

ಉತ್ತರ: ಕಾನುಮನೆ

ಹಳೇ ಗುಮಾಸ್ತರು ಹೇಳಿದ್ದು ಸರಿ. ನಾನು ಒಂದು ಅವಧಿಗೆ ಪಟ್ಟಣ ಪಂಚಾಯಿತಿಯ ಸದಸ್ಯೆಯಾಗಿದ್ದವಳು. ಸದಸ್ಯರ ಕುರ್ಚಿಯಲ್ಲಿ ಕೂತವರಿಗೆ ಇದು ಹೇಗೆ ಕಾಣುತ್ತದೆಂಬುದನ್ನು ಸ್ವಲ್ಪ ಹೇಳುತ್ತೇನೆ.

ಮೊದಲ ವರ್ಷ ನಾನು ಪ್ರತಿ ಸಭೆಯಲ್ಲಿಯೂ ಎದ್ದು ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದೆ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ತಿಂಗಳ ಜಮಾ-ಖರ್ಚು, ಖಾತೆ ಬದಲಾವಣೆ, ಬಂದ ಪತ್ರಗಳು, ಆಗಲೇ ಮಾಡಿಬಿಟ್ಟ ಖರ್ಚಿಗೆ ಘಟನೋತ್ತರ ಮಂಜೂರಾತಿ, ಇವೆಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿರುತ್ತಿತ್ತು. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬಲ್ಲಿ ನನ್ನ ಸರದಿ. ಅಷ್ಟರಲ್ಲಿ ಅರ್ಧ ಜನ ಎದ್ದಿರುತ್ತಿದ್ದರು. ನನ್ನ ಮಾತಿಗೆ ಸಿಕ್ಕ ಫಲವೆಂದರೆ ತಾವು ಉದ್ಧರಿಸಿರುವ ಅದೇ ವಾಕ್ಯ. ವಿಷಯ ಪಟ್ಟಿಯಲ್ಲಿ ಸಂಖ್ಯೆ ಪಡೆದು ಬಂದ ವಿಷಯಕ್ಕೆ ಮಾತ್ರ ಕಚೇರಿ ಟಿಪ್ಪಣಿ ಇರುತ್ತದೆ, ಟಿಪ್ಪಣಿ ಇದ್ದರೆ ಮಾತ್ರ ಅಂದಾಜು ಪಟ್ಟಿಯ ಮಾತು ಬರುತ್ತದೆ ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷ. ಆದ್ದರಿಂದ ಸೂಚನಾ ಪತ್ರ ಹೊರಡುವ ಮೊದಲೇ ನಿಮ್ಮ ಸದಸ್ಯರಿಂದ ಮುಖ್ಯಾಧಿಕಾರಿಗಳಿಗೆ ಲಿಖಿತ ಪತ್ರ ಕೊಡಿಸಿ. ನಿಮ್ಮ ಸದಸ್ಯರು ಸುಳ್ಳು ಹೇಳುತ್ತಿಲ್ಲ. ನನ್ನಂತೆಯೇ ಮೊದಲ ವರ್ಷದಲ್ಲಿದ್ದಾರೆ ಎಂದು ತೋರುತ್ತದೆ.

ಎರಡನೆಯದಾಗಿ, ನೀವು ಕೇಳಿದ ಕಾಲವೂ ಸರಿಯಾಗಿಲ್ಲ. ಲೆಕ್ಕದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಕ್ರಿಯಾ ಯೋಜನೆಗೆ ಸಭೆಯ ಒಪ್ಪಿಗೆ ಪಡೆದು, ಜಿಲ್ಲಾಧಿಕಾರಿಗಳ ಅನುಮೋದನೆಗೆ ಶಿವಮೊಗ್ಗಕ್ಕೆ ಕಳಿಸಿ, ಅದು ಬಂದು ಟೆಂಡರ್ ಕರೆಯುವಷ್ಟರಲ್ಲಿ ನಮ್ಮಲ್ಲಿ ಮೃಗಶಿರಾ ಮಳೆ ಹಿಡಿದಿರುತ್ತದೆ. ಸುರಿಯುವ ಮಳೆಯಲ್ಲಿ ಯಾವ ಗುತ್ತಿಗೆದಾರನೂ ಮೋರಿಗೆ ಪಾಯ ತೆಗೆಯುವುದಿಲ್ಲ, ತೆಗೆದರೂ ನಿಲ್ಲುವುದಿಲ್ಲ. ಬಯಲುಸೀಮೆಯವರಿಗೆ ವರ್ಷದಲ್ಲಿ ಹತ್ತು ತಿಂಗಳು ಕೆಲಸಕ್ಕೆ ಸಿಕ್ಕರೆ ನಮಗೆ ಸಿಗುವುದು ದೀಪಾವಳಿಯಿಂದ ಯುಗಾದಿಯ ಆಚೀಚೆಯವರೆಗೆ ಮಾತ್ರ. ಮೋರಿ ಮುಂದಿನ ಬೇಸಿಗೆಯೊಳಗೆ ಆಗಬೇಕಾದರೆ ಈಗಲೇ ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಅದು ತಪ್ಪಿದರೆ ಆಯವ್ಯಯ ತಯಾರಿಗೆ ಮೊದಲು ಸಾರ್ವಜನಿಕರನ್ನು ಕರೆದು ನಡೆಸುವ ಪೂರ್ವಭಾವಿ ಸಭೆಗೆ ಹನ್ನೊಂದು ಮನೆಯವರೂ ಹೋಗಿ. ಆ ಸಭೆಗೆ ಊರಿನವರು ಬರುವುದೇ ಕಡಿಮೆ. ನಮ್ಮ ಕಾಲದಲ್ಲಿ ಒಮ್ಮೆ ಪತ್ರಕರ್ತರೂ ಚಹಾ ತಂದ ಹುಡುಗನೂ ಸೇರಿ ಏಳು ಜನ ಇದ್ದೆವು.

ಮೂರನೆಯದು ಬಹಳ ಮುಖ್ಯ. ಹೂಳೆತ್ತುವುದನ್ನೂ ಹೊಸ ಮೋರಿಯನ್ನೂ ಒಂದೇ ಅರ್ಜಿಯಲ್ಲಿ ಬರೆದಿದ್ದೀರಿ. ಅಲ್ಲೇ ಕೆಲಸ ಕೆಟ್ಟಿತು. ಹೂಳೆತ್ತುವುದು ಆರೋಗ್ಯ ಶಾಖೆಯ ದಿನನಿತ್ಯದ ಕೆಲಸ, ಅದಕ್ಕೆ ಸಭೆಯ ತೀರ್ಮಾನವೇ ಬೇಕಾಗಿಲ್ಲ. ಎರಡೂ ಒಂದೇ ಹಾಳೆಯಲ್ಲಿದ್ದುದರಿಂದ ಅರ್ಜಿ ಅಭಿಯಂತರರ ಶಾಖೆಗೆ ಹೋಗಿ, ಹಾರೆ-ಬುಟ್ಟಿಯಲ್ಲಿ ಒಂದು ದಿನದಲ್ಲಿ ಮುಗಿಯುತ್ತಿದ್ದ ಕೆಲಸವೂ ಅನುದಾನಕ್ಕಾಗಿ ಕಾಯುತ್ತ ಕೂತಿದೆ.

ಉತ್ತರ: ಸಾಗರದ ಓದುಗ

ಇಷ್ಟೆಲ್ಲ ತಾಳ್ಮೆ ಏಕೆ ಬೇಕು? ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಐದು ವರ್ಷದ ಎಲ್ಲ ನಡಾವಳಿ, ಎಲ್ಲ ಕ್ರಿಯಾ ಯೋಜನೆ, ಎಲ್ಲ ಬಿಲ್ಲುಗಳ ದೃಢೀಕೃತ ನಕಲು ಕೇಳಿ. 30 ದಿನದಲ್ಲಿ ಕೊಡಲೇಬೇಕು, ಕೊಡದಿದ್ದರೆ ಮೇಲ್ಮನವಿ ಇದೆ. ಬಿಸಿ ಮುಟ್ಟಿದರೆ ಮೋರಿ ತಾನಾಗಿ ಆಗುತ್ತದೆ.

ಉತ್ತರ: ಹಳೇ ಗುಮಾಸ್ತ

ಸಾಗರದವರ ಸಿಟ್ಟು ಅರ್ಥವಾಗುತ್ತದೆ, ಸಲಹೆಯನ್ನು ಮಾತ್ರ ಒಪ್ಪಲಾರೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಎಲ್ಲವನ್ನೂ ಕೇಳಿದ ಅರ್ಜಿ ಆ ಕಾರಣಕ್ಕೇ ಹಿಂದಕ್ಕೆ ಬರುತ್ತದೆ. ಅದಲ್ಲದೆ ಸಣ್ಣ ಕಚೇರಿಯಲ್ಲಿ ನಕಲು ತೆಗೆಯುವವನು, ಟಿಪ್ಪಣಿ ಮಂಡಿಸುವವನು, ಅಂಗಡಿಯವರ ಅರ್ಜಿಯನ್ನು ಮುಂದಿನ ಸಭೆಗೆ ಸಿದ್ಧಪಡಿಸುವವನು ಬಹಳ ಸಲ ಒಬ್ಬನೇ ಮನುಷ್ಯ. ನಾನೇ ಆ ಮನುಷ್ಯನಾಗಿದ್ದೆ, ಆದ್ದರಿಂದ ಪಕ್ಷಪಾತ ಎಂದರೂ ಸರಿಯೇ. ಮಾಹಿತಿ ಹಕ್ಕನ್ನು ಬಳಸುವುದಾದರೆ ಈ ಒಂದು ಮೋರಿಯ ಕಡತದ ಟಿಪ್ಪಣಿ ಹಾಳೆಗಳನ್ನು ಮಾತ್ರ ಕೇಳಿ; ಅದೂ ಪುಸ್ತಕ ನೋಡಲು ಬಿಡದಿದ್ದರೆ ಮಾತ್ರ.

ಅಡಿಕೆ ಸಿಪ್ಪೆಯ ವಿಚಾರ ಯಾರೂ ಮುಟ್ಟಲಿಲ್ಲ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬೀದಿಗಾಗಲಿ ಚರಂಡಿಗಾಗಲಿ ಕಸ ಎಸೆಯುವಂತಿಲ್ಲ. ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ. ಆದರೆ ಮೇಲಿನ ಬೀದಿಯವರು ನಿಮ್ಮ ಅಂಗಡಿಯ ಗಿರಾಕಿಗಳೂ ಆಗಿರಬಹುದಾದ್ದರಿಂದ, ಮೊದಲು ಬಾಯಿಮಾತಿನಲ್ಲಿ ಹೇಳಿ ನೋಡುವುದು ವಾಸಿ.

ಮೋರಿಪಕ್ಕದ ಅಂಗಡಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರದ ನಂತರ ಬರೆಯುತ್ತಿದ್ದೇನೆ. ಹೇಳಿದಂತೆ ನಾನೇ ಕಚೇರಿಗೆ ಹೋಗಿ ನಡಾವಳಿ ನೋಡಬೇಕೆಂದೆ. ಮೊದಲು “ಏಕೆ?” ಎಂದರು, ಆಮೇಲೆ ಬೆಂಚಿನ ಮೇಲೆ ಕೂರಿಸಿ ಪುಸ್ತಕವನ್ನು ಮುಂದಿಟ್ಟರು. ಕೆಂಪು ಬಟ್ಟೆಯ ಬೆನ್ನಿನ ದಪ್ಪ ಪುಸ್ತಕ. ಗಣಕಯಂತ್ರದಲ್ಲಿ ಮುದ್ರಿಸಿದ ಹಾಳೆಗಳನ್ನು ಅದರೊಳಗೆ ಅಂಟಿಸಿ, ಅಂಚಿನ ಮೇಲೆ ಮೊಹರು ಒತ್ತಿದ್ದಾರೆ. ನಮ್ಮ ವಿಷಯ ಕಾನುಮನೆಯವರು ಊಹಿಸಿದಂತೆ ‘ಇತರೆ ವಿಷಯಗಳು’ ಎಂಬಲ್ಲೇ ಇತ್ತು, ಎಡಗಡೆಯ ಟಿಪ್ಪಣಿಯ ಜಾಗ ಖಾಲಿಯಾಗಿತ್ತು. ಅದೇ ಪುಟದಲ್ಲಿ, ನಮ್ಮದಕ್ಕಿಂತ ಸ್ವಲ್ಪ ಮೇಲೆ, ಇನ್ನೊಂದು ವಾರ್ಡಿನ ಚರಂಡಿಗೆ ಅಂದಾಜು ಮೊತ್ತ, ಲೆಕ್ಕ ಶೀರ್ಷಿಕೆ ಎಲ್ಲವೂ ಸೇರಿ ನಾಲ್ಕು ಸಾಲಿನ ತೀರ್ಮಾನವಿತ್ತು. ಅದನ್ನು ನೋಡಿದ ಮೇಲೆ ವ್ಯತ್ಯಾಸವನ್ನು ಬೇರೆ ಯಾರೂ ವಿವರಿಸಬೇಕಾಗಲಿಲ್ಲ.

ಹೂಳೆತ್ತುವ ಅರ್ಜಿಯನ್ನು ಬೇರೆ ಮಾಡಿ ಆರೋಗ್ಯ ನಿರೀಕ್ಷಕರಿಗೆ ಕೊಟ್ಟೆವು. ಐದನೆಯ ದಿನ ಪೌರಕಾರ್ಮಿಕರು ಬಂದು ಮೇಲಿನ ತಿರುವಿನಿಂದ ನಮ್ಮ ಅಂಗಡಿಯವರೆಗೆ ತೆಗೆದುಕೊಟ್ಟರು; ಕುಸಿದ ಎರಡು ಜಾಗದಲ್ಲಿ ಕಲ್ಲುಗಳನ್ನು ಎತ್ತಿ ಬದಿಗಿಟ್ಟಿದ್ದಾರೆ. ಹೊಸ ಮೋರಿಯ ಬಗ್ಗೆ ಸದಸ್ಯರಿಂದಲೇ ಪತ್ರ ಬರೆಸಿ ಸ್ವೀಕೃತಿ ಪಡೆದಿದ್ದೇನೆ. ಮುಂದಿನ ಸಭೆಯ ಸೂಚನಾ ಪತ್ರ ಸೂಚನಾ ಫಲಕಕ್ಕೆ ಬಂದಾಗ ನಮ್ಮದಕ್ಕೆ ಸಂಖ್ಯೆ ಬಿದ್ದಿದೆಯೇ ಎಂದು ನೋಡಿ ಇಲ್ಲಿ ತಿಳಿಸುತ್ತೇನೆ. ಸಿಪ್ಪೆಯ ಮಾತನ್ನು ಇನ್ನೂ ಎತ್ತಿಲ್ಲ. ಅವರಲ್ಲಿ ಇಬ್ಬರದು ನಮ್ಮಲ್ಲಿ ತಿಂಗಳ ಲೆಕ್ಕವಿದೆ.

ಉತ್ತರ: ಹಳೇ ಗುಮಾಸ್ತ

ಸಂತೋಷ. ಆ ಸ್ವೀಕೃತಿಯನ್ನು ಇವತ್ತೇ ಒಂದು ನಕಲು ಮಾಡಿಸಿಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಮೊಹರಿನ ಶಾಯಿ ಆಷಾಢದವರೆಗೂ ಉಳಿಯುವುದಿಲ್ಲ.