ಎರಡು ವರ್ಷಕ್ಕೆ ಮನೆ ಸಾಮಾನು ಗೋಡೌನಿನಲ್ಲಿ ಇಟ್ಟು ಹೋದರೆ ಮಂಗಳೂರಿನ ಮಳೆಗೆ ಉಳಿಯುತ್ತದಾ?

ಪ್ರಶ್ನೆ (ಬಿಜೈಯಿಂದ ಒಬ್ಬರು)

ನಮಸ್ಕಾರ. ನಮ್ಮವರಿಗೆ ಮಸ್ಕತ್‌ನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ನಾನೂ ಮಗನೂ ಮೇ ಕೊನೆಗೆ ಹೊರಡುತ್ತೇವೆ, ಬಾಡಿಗೆ ಫ್ಲ್ಯಾಟ್ ಬಿಟ್ಟುಕೊಡಬೇಕು. ಎರಡು ಬೆಡ್‌ರೂಮಿನ ಸಾಮಾನು ಉಂಟು. ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಟಿವಿ, ಕಬ್ಬಿಣದ ಕಪಾಟು, ಸೋಫಾ, ಇನ್ವರ್ಟರ್, ಪುಸ್ತಕ, ಪಾತ್ರೆ, ಎರಡು ಮಂಚ. ಒಂದು ಮಂಚ ಅಜ್ಜಿಯ ಕಾಲದ್ದು, ಹಲಸಿನ ಮರದ್ದು. ತಿಂಗಳ ಬಾಡಿಗೆಗೆ ಸಾಮಾನು ಇಟ್ಟುಕೊಳ್ಳುವ ಎರಡು ಕಡೆ ಫೋನ್ ಮಾಡಿದೆ. ಒಬ್ಬರು "ಸಿಸಿಟಿವಿ ಉಂಟು ಮೇಡಂ, ಹೆದರಬೇಡಿ" ಎಂದರು, ಇನ್ನೊಬ್ಬರು ರೇಟು ಮಾತ್ರ ಹೇಳಿದರು. ಅಮ್ಮ ಪುತ್ತೂರಿನ ಮನೆಯ ಅಟ್ಟ ಖಾಲಿ ಇದೆ, ಸುಮ್ನೆ ಹಣ ಯಾಕೆ ಹಾಳು ಮಾಡುತ್ತೀ ಎನ್ನುತ್ತಾರೆ. ಈ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ, ಏನು ನೋಡಿ ಜಾಗ ಆರಿಸಬೇಕು?

ಉತ್ತರ (ಪ್ಯಾಕಿಂಗ್, ಗೋಡೌನ್ ಕೆಲಸ ಮಾಡುವವರು)

ಅಕ್ಕ, ಸಿಸಿಟಿವಿ ಆಮೇಲೆ ನೋಡುವ. ನಿಮ್ಮ ಸೋಫಾ ಕದಿಯಲು ಯಾರೂ ಲಾರಿ ತರುವುದಿಲ್ಲ. ನಮ್ಮ ಕಡೆ ಇಟ್ಟ ಸಾಮಾನು ಹಾಳಾಗುವುದು ತೇವದಿಂದ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಗಾಳಿಯ ತೇವಾಂಶ 85-90 ಶೇಕಡಾ ಇರುತ್ತದೆ. ಬೂಷ್ಟು ಹಿಡಿಯಲು 70 ದಾಟಿದರೆ ಸಾಕು. ಅಂದರೆ ಮಾಡು ಒಂದು ಹನಿ ಸೋರದಿದ್ದರೂ, ಬಾಗಿಲು ಹಾಕಿದ ಕೋಣೆಯಲ್ಲಿ ಸಾಮಾನು ತನ್ನಷ್ಟಕ್ಕೆ ಬೂಷ್ಟು ಹಿಡಿಯಬಹುದು. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಮಳೆಗಾಲದಲ್ಲಿ ಒಳಗಿನ ತೇವ ತೆಗೆಯಲು ನೀವು ಏನು ಮಾಡುತ್ತೀರಿ? ಡಿಹ್ಯುಮಿಡಿಫೈಯರ್ ಓಡಿಸುತ್ತೇವೆ ಎಂದರೆ ಎಲ್ಲಿದೆ ತೋರಿಸಿ ಎನ್ನಿ. "ಫ್ಯಾನ್ ಉಂಟಲ್ಲ" ಎಂದರೆ ನೀವು ಇನ್ನೊಂದು ಕಡೆ ನೋಡಿ.

ಫೋನಿನಲ್ಲಿ ಏನೂ ಗೊತ್ತಾಗುವುದಿಲ್ಲ, ಹೋಗಿ ನೋಡಲೇಬೇಕು. ಬಾಗಿಲು ತೆರೆದ ಕೂಡಲೇ ಮೂಗಿಗೆ ಏನು ಬರುತ್ತದೆ ನೋಡಿ, ಮುಗ್ಗಲು ವಾಸನೆ ಇದ್ದರೆ ಅಲ್ಲಿಂದಲೇ ವಾಪಸ್. ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪಿನ ಪುಡಿ ಎದ್ದಿದ್ದರೆ ನೆಲದ ತೇವ ಮೇಲೆ ಏರುತ್ತಿದೆ ಎಂದು ಅರ್ಥ, ಗಾರೆ ಮಾಡದ ಕೆಂಪುಕಲ್ಲಿನ ಗೋಡೆಯಲ್ಲಿ ಇದು ಜಾಸ್ತಿ. ಮೂಲೆಯಲ್ಲಿ ಮಣ್ಣಿನ ಗೆರೆ ಕಂಡರೆ ಒರಲೆ. ಸಾಮಾನನ್ನು ನೆಲಕ್ಕೆ ತಾಗಿಸಿ ಇಡುತ್ತಾರಾ, ಮರದ ಪ್ಯಾಲೆಟ್ ಮೇಲೆ ಇಡುತ್ತಾರಾ ನೋಡಿ. ಶೀಟಿನ ಮಾಡಾದರೆ ಒಳಗಿನಿಂದ ಸೀಲಿಂಗ್ ಇರಬೇಕು, ಇಲ್ಲದಿದ್ದರೆ ಮಳೆಗಾಲದ ರಾತ್ರಿ ಶೀಟಿನ ಕೆಳಗೆ ನೀರು ಹನಿಗಟ್ಟಿ ಸಾಮಾನಿನ ಮೇಲೆ ಬೀಳುತ್ತದೆ, ಏಪ್ರಿಲಿನಲ್ಲಿ ಅದೇ ಶೀಟಿನ ಬಿಸಿಗೆ ಪ್ಲೈವುಡ್ಡಿನ ಅಂಟು ಬಿಡುತ್ತದೆ.

ನೀವು ಹೋಗುವುದು ಮೇಯಲ್ಲಿ, ಆಗ ಎಲ್ಲ ಗೋಡೌನೂ ಒಣಗಿಯೇ ಇರುತ್ತದೆ, ಮೋಸ ಹೋಗುವುದು ಅಲ್ಲೇ. ಕಳೆದ ಮಳೆಗಾಲ ಅಲ್ಲೇ ಕಳೆದ ಒಂದು ರಟ್ಟಿನ ಪೆಟ್ಟಿಗೆ ತೋರಿಸಿ ಎಂದು ಕೇಳಿ. ಅದರ ಕೆಳಗಿನ ಮೂಲೆ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ, ಕಲೆ ಇದ್ದರೆ, ಉತ್ತರ ಸಿಕ್ಕಿತಲ್ಲ.

ಜಾಗ ತಗ್ಗಿನಲ್ಲಿದೆಯಾ ಅಂತಲೂ ನೋಡಿ. ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಕಡೆಯ ಕೃತಕ ನೆರೆ ನಿಮಗೆ ನಾನು ಹೇಳಬೇಕಾ? ಅಲ್ಲಿ ಗೋಡೌನ್ ಇದ್ದರೆ ಮೊದಲ ಮಹಡಿ ಕೇಳಿ, ನೆಲ ಅಂತಸ್ತು ಬೇಡ. ಇನ್ನೊಂದು, ಪಕ್ಕದ ಕೋಣೆಯಲ್ಲಿ ಏನಿದೆ? ಬಂದರು ಕಡೆ ಅಡಿಕೆ, ಅಕ್ಕಿ, ಒಣಮೀನಿನ ಗೋಡೌನ್‌ಗಳ ಸಾಲಿನಲ್ಲಿ ಕಡಿಮೆ ಬಾಡಿಗೆಗೆ ಜಾಗ ಸಿಕ್ಕಿತು ಅಂತ ಖುಷಿಪಡಬೇಡಿ. ಇಲಿ ಅಲ್ಲಿಗೆ ಅಕ್ಕಿಗೆಂದು ಬರುತ್ತದೆ, ಬಂದದ್ದು ನಿಮ್ಮ ಸೋಫಾವನ್ನೂ ಬಿಡುವುದಿಲ್ಲ.

ಬಿಜೈಯವರು ಮತ್ತೆ

ಥ್ಯಾಂಕ್ಸ್ ಅಣ್ಣ. ಹಾಗಾದರೆ ಅಮ್ಮನ ಅಟ್ಟವೇ ಒಳ್ಳೆಯದಾ? ಹಂಚಿನ ಮನೆ, ಮೊದಲೆಲ್ಲ ಅಟ್ಟದಲ್ಲಿ ಇಟ್ಟದ್ದು ಏನೂ ಆಗುತ್ತಿರಲಿಲ್ಲ.

ಉತ್ತರ

ಮೊದಲು ಆಗುತ್ತಿರಲಿಲ್ಲ, ಯಾಕೆಂದರೆ ಕೆಳಗೆ ದಿನಾ ಸೌದೆ ಒಲೆ ಉರಿಯುತ್ತಿತ್ತು. ಆ ಹೊಗೆ, ಬಿಸಿ ಅಟ್ಟಕ್ಕೆ ಹೋಗಿ ಅಡಿಕೆ, ಬುಟ್ಟಿ, ಮರ ಎಲ್ಲವನ್ನೂ ಒಣಗಿಸಿ ಇಡುತ್ತಿತ್ತು, ಹುಳವೂ ಸುಳಿಯುತ್ತಿರಲಿಲ್ಲ. ಈಗ ಅಮ್ಮನ ಮನೆಯಲ್ಲೂ ಗ್ಯಾಸ್ ಅಲ್ವಾ? ಹೊಗೆ ಇಲ್ಲದ ಅಟ್ಟ ಬರೀ ತೇವದ ಜಾಗ. ಆದರೂ ಹಲಸಿನ ಮಂಚ, ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ ಅಲ್ಲಿಗೆ ಕಳಿಸಿ, ಅಟ್ಟಕ್ಕಲ್ಲ, ಮನೆಯ ಒಳಕೋಣೆಗೆ. ಜನ ಓಡಾಡುವ, ಕಿಟಕಿ ತೆರೆಯುವ ಮನೆಯಲ್ಲಿ ಗಟ್ಟಿಮರಕ್ಕೆ ಏನೂ ಆಗುವುದಿಲ್ಲ. ಮಂಚದಲ್ಲಿ ಯಾರಾದರೂ ಮಲಗಿದರೂ ಅಡ್ಡಿ ಇಲ್ಲ.

ಉಳಿದದ್ದಕ್ಕೆ ಲೆಕ್ಕ ಹಾಕಿ. ಉದಾಹರಣೆಗೆ ತಿಂಗಳಿಗೆ 3,000 ಬಾಡಿಗೆ ಎಂದರೆ ಎರಡು ವರ್ಷಕ್ಕೆ 72,000. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಮತ್ತೆ ಲೋಡಿಂಗ್ ಎರಡು ಸಲ. ನಿಮ್ಮ ಸೋಫಾ, ಹಳೆ ಟಿವಿ, ಪಾರ್ಟಿಕಲ್ ಬೋರ್ಡಿನದ್ದು (ಮರದ ಹುಡಿ ಅಂಟಿಸಿ ಮಾಡಿದ ಹಲಗೆ) ಏನಾದರೂ ಇದ್ದರೆ ಅದು, ಎಲ್ಲ ಸೇರಿ ಇವತ್ತು ಎಷ್ಟಕ್ಕೆ ಹೋಗುತ್ತದೆ? ಪಾರ್ಟಿಕಲ್ ಬೋರ್ಡ್ ಅಂತೂ ಇಡಲೇಬೇಡಿ. ಒಮ್ಮೆ ತೇವ ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಮಾರಿ, ಇಲ್ಲವೇ ಯಾರಿಗಾದರೂ ಕೊಡಿ. ನನಗೆ ವ್ಯಾಪಾರ ಕಮ್ಮಿಯಾಗುವ ಮಾತು ಇದು, ಆದರೂ ನಿಜ. ಎರಡು ಬೆಡ್‌ರೂಮಿನ ಮನೆಗೆ ನಾವು ಸಾಮಾನ್ಯವಾಗಿ 10 ಅಡಿ ಉದ್ದ 10 ಅಡಿ ಅಗಲದ ಕೋಣೆ ಹೇಳುತ್ತೇವೆ, ಅರ್ಧ ಸಾಮಾನು ಬಿಟ್ಟರೆ ಅದರ ಅರ್ಧ ಜಾಗ ಸಾಕು.

ಉಡುಪಿಯಿಂದ ಒಬ್ಬರು

ನಡುವೆ ಒಂದು ಮಾತು. ನಾವು ಮನೆ ರಿಪೇರಿಗೆಂದು ಸಾಮಾನು ಒಂದು ಕಡೆ ಇಟ್ಟಿದ್ದೆವು, ವಾಪಸ್ ಬಂದಾಗ ಡೈನಿಂಗ್ ಟೇಬಲಿನ ಗಾಜು ಬಿರುಕು ಬಿಟ್ಟಿತ್ತು. ಕೇಳಿದರೆ ಲಿಸ್ಟ್ ತೋರಿಸಿದರು ಮಾರಾಯ್ರೇ, ಪ್ರತಿ ಸಾಮಾನಿನ ಎದುರೂ "ಹಳೆಯದು, ಗೀರು ಇದೆ" ಅಂತ ಬರೆದಿತ್ತು, ಕೆಳಗೆ ನಮ್ಮದೇ ಸಹಿ. ಇನ್ಶೂರೆನ್ಸ್ ಅಂತ ಹಣವನ್ನೂ ತೆಗೆದುಕೊಂಡಿದ್ದರು. ಇದಕ್ಕೆ ಏನು ಮಾಡಬೇಕಿತ್ತು?

ಉತ್ತರ

ಈ ಲಿಸ್ಟಿನ ಆಟ ಹಳೆಯದು. ಹೊಸ ಫ್ರಿಜ್ಜಿಗೂ "ಗೀರು ಇದೆ" ಬರೆಯುವ ಹುಡುಗರಿದ್ದಾರೆ. ಲಾರಿ ಹೊರಡುವ ಗಡಿಬಿಡಿಯಲ್ಲಿ ಸಹಿ ಕೇಳುತ್ತಾರೆ, ಅಲ್ಲೇ ನಿಲ್ಲಿಸಿ ಒಂದೊಂದೇ ಓದಿ, ಸುಳ್ಳು ಇದ್ದದ್ದನ್ನು ಹೊಡೆದು ಹಾಕಿ ಪಕ್ಕದಲ್ಲಿ ನೀವೇ ಬರೆಯಿರಿ. ಕಟ್ಟುವ ಮೊದಲು ಮೊಬೈಲಿನಲ್ಲಿ ವಿಡಿಯೋ ಮಾಡಿ, ಟಿವಿ, ಫ್ರಿಜ್, ಮೆಷಿನ್ ಹಿಂದಿನ ಸೀರಿಯಲ್ ನಂಬರ್ ಕಾಣುವ ಹಾಗೆ.

ಇನ್ಶೂರೆನ್ಸ್ ಎಂದು ಹಣ ತೆಗೆದುಕೊಂಡರೆ ಪಾಲಿಸಿಯ ಕಾಗದ ಕೇಳಿ, ವಿಮಾ ಕಂಪನಿಯ ಹೆಸರು, ನಿಮ್ಮ ಸಾಮಾನಿನ ಮೌಲ್ಯ ಅದರಲ್ಲಿ ಇರಬೇಕು. ಕೆಲವರದ್ದು ಬರೀ ಬಾಯಿಮಾತಿನ ಗ್ಯಾರಂಟಿ. ಸಾಗಾಟದ ವಿಮೆ ಬೇರೆ, ಗೋಡೌನಿನಲ್ಲಿ ಇರುವಾಗಿನದ್ದು ಬೇರೆ, ಎರಡೂ ಉಂಟಾ ನೋಡಿ. ಪ್ರೀಮಿಯಂ ಉಳಿಸಲು ಮೌಲ್ಯ ಕಮ್ಮಿ ಬರೆಸಬೇಡಿ. ನಾಲ್ಕು ಲಕ್ಷದ ಸಾಮಾನಿಗೆ ಎರಡು ಲಕ್ಷ ಬರೆಸಿದರೆ, ಅರ್ಧಕ್ಕೇ ವಿಮೆ ಮಾಡಿಸಿದ್ದು ಎಂದು ಲೆಕ್ಕ ಹಾಕಿ, 50,000ದ ನಷ್ಟಕ್ಕೆ ಅವರು 25,000 ಮಾತ್ರ ಕೊಡಬಹುದು. ಮತ್ತೆ ಬೂಷ್ಟು, ಹುಳ, ಇಲಿ ಇವು ಹೆಚ್ಚಿನ ಪಾಲಿಸಿಗಳಲ್ಲಿ ಹೊರಗೆ. ನೆರೆ ಸೇರಿದೆಯಾ ಅಂತ ನೋಡಿ, 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ನೀರು ಹೇಗೆ ಬಂತು ನೀವೇ ಕಂಡಿದ್ದೀರಿ.

ಕಾನೂನಿನ ಒಂದು ವಿಷಯ ಗೊತ್ತಿರಲಿ. ಸಾಮಾನನ್ನು ಅವರ ವಶಕ್ಕೆ ಕೊಟ್ಟರೆ, 1872ರ ಒಪ್ಪಂದ ಕಾಯ್ದೆಯ 151ನೇ ಕಲಮಿನ ಪ್ರಕಾರ ಸಾಮಾನ್ಯ ವಿವೇಕ ಇರುವ ಮನುಷ್ಯ ಅಂಥ ಸಂದರ್ಭದಲ್ಲಿ ತನ್ನದೇ ಸಾಮಾನನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಲ್ಲಿ ಅವರು ಅದನ್ನು ನೋಡಿಕೊಳ್ಳಬೇಕು. ಬೀಗ ನಿಮ್ಮದು, ಕೀ ನಿಮ್ಮ ಕೈಯಲ್ಲಿ, ಅವರು ಕೋಣೆ ಮಾತ್ರ ಕೊಟ್ಟದ್ದು ಎಂದಾದರೆ ಅವರನ್ನು ಹಿಡಿಯುವುದು ಕಷ್ಟ. ಒಪ್ಪಂದದಲ್ಲಿ ಯಾವುದು ಬರೆದಿದೆ ಓದಿ. ಬಾಡಿಗೆ ಎಷ್ಟು ತಿಂಗಳು ಬಾಕಿಯಾದರೆ ಸಾಮಾನು ಮಾರುತ್ತಾರೆ, ನಡುವೆ ಒಂದು ಪೆಟ್ಟಿಗೆ ಬೇಕೆಂದರೆ ಎಷ್ಟು ಕೊಡಬೇಕು, ಬಿಡಲು ಎಷ್ಟು ದಿನದ ನೋಟಿಸ್, ಇಷ್ಟು ಇರಲೇಬೇಕು. ವಿದೇಶದಲ್ಲಿ ಇರುವವರು ಊರಿನ ಒಬ್ಬರ ಹೆಸರನ್ನೂ ಸೇರಿಸಿ, ಮಳೆ ಜೋರಾದಾಗ ಹೋಗಿ ನೋಡಿ ಬರುವವರು.

ಬಿಜೈಯವರು

ಸರಿ, ನನ್ನ ಅಣ್ಣನ ಮಗ ಕಂಕನಾಡಿಯಲ್ಲೇ ಇದ್ದಾನೆ, ಅವನ ಹೆಸರು ಕೊಡುತ್ತೇನೆ. ಫ್ರಿಜ್, ಮೆಷಿನ್, ಕಪಾಟು, ಪುಸ್ತಕ ಇಡುವುದು ಅಂತ ತೀರ್ಮಾನ ಮಾಡಿದೆವು. ಎಲ್ಲವನ್ನೂ ಪ್ಲಾಸ್ಟಿಕ್ ಸುತ್ತಿಸುವುದಾ? ಗ್ಯಾಸ್, ಇನ್ವರ್ಟರ್ ಕೂಡ ಅಲ್ಲೇ ಇಡಬಹುದಾ?

ಉತ್ತರ

ಪ್ಲಾಸ್ಟಿಕ್ ಲಾರಿಯಲ್ಲಿ ಇರುವಷ್ಟು ಹೊತ್ತಿಗೆ ಮಾತ್ರ. ಒಳಗೆ ಇಟ್ಟ ಮೇಲೆ ಬಿಚ್ಚಿಸಿ ಹಳೆ ಹತ್ತಿ ಬೆಡ್‌ಶೀಟ್ ಹೊದೆಸಿ. ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಪುಸ್ತಕ, ಬಟ್ಟೆ, ದಿಂಬು ಏನೇ ಆದರೂ ಮೊದಲು ಒಳ್ಳೆ ಬಿಸಿಲಿಗೆ ಒಣಗಿಸಿ, ತಣಿದ ಮೇಲೆ ಕಟ್ಟಿ. ಮೇ ಮೊದಲ ವಾರವೇ ಮುಗಿಸಿದರೆ ಒಳ್ಳೆಯದು, ಕೊನೆಗೆ ಅಡ್ಡಮಳೆ ಶುರುವಾಗುತ್ತದೆ. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆ, ದೊಡ್ಡದಕ್ಕೆ ತುಂಬಿದರೆ ತಳ ಹರಿಯುತ್ತದೆ. ನುಸಿಗುಳಿಗೆ ಹುಳಕ್ಕೆ ಮಾತ್ರ, ತೇವಕ್ಕೆ ಅದರಿಂದ ಪ್ರಯೋಜನ ಇಲ್ಲ. ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬ ಸಿಗುತ್ತದೆ, ಅದು ನೀರು ತುಂಬಿದ ಮೇಲೆ ಬದಲಿಸಬೇಕು, ಅಣ್ಣನ ಮಗನಿಗೆ ಹೇಳಿ. ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿಸಿ.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಒರೆಸಿ, ಹಿಂದಿನ ತಟ್ಟೆಯ ನೀರನ್ನೂ ಚೆಲ್ಲಿ. ಬಾಗಿಲಿಗೆ ಬಟ್ಟೆಯ ಉಂಡೆ ಸಿಕ್ಕಿಸಿ ಸ್ವಲ್ಪ ತೆರೆದೇ ಇರಲಿ, ಮುಚ್ಚಿ ಇಟ್ಟರೆ ಎರಡು ವರ್ಷದ ನಂತರ ಆ ವಾಸನೆ ಹೋಗುವುದಿಲ್ಲ. ವಾಷಿಂಗ್ ಮೆಷಿನ್ ತಂದಾಗ ಹಿಂದೆ ಇದ್ದ ಟ್ರಾನ್ಸಿಟ್ ಬೋಲ್ಟ್ ಮೆಕ್ಯಾನಿಕ್ ತೆಗೆದು ಕೊಟ್ಟಿರುತ್ತಾನೆ, ಹುಡುಕಿ, ಅದನ್ನು ಹಾಕದೆ ಸಾಗಿಸಿದರೆ ಡ್ರಮ್ ಅಲುಗಾಡಿ ಹಾಳಾಗುತ್ತದೆ. ಪೈಪಿನ ನೀರು ಪೂರ್ತಿ ಇಳಿಸಿ. ಕಬ್ಬಿಣದ ಕಪಾಟಿನಲ್ಲಿ ಪೇಂಟ್ ಎದ್ದ ಕಡೆ ತೆಳುವಾಗಿ ಎಣ್ಣೆ ಹಚ್ಚಿ. ಒಡವೆ, ಮನೆಪತ್ರ, ಮಾರ್ಕ್ಸ್‌ಕಾರ್ಡ್, ಜರಿ ಸೀರೆ, ಫೋಟೋ ಆಲ್ಬಮ್ ಗೋಡೌನಿಗೆ ಬೇಡವೇ ಬೇಡ.

ಗ್ಯಾಸ್ ಸಿಲಿಂಡರ್ ಯಾವ ಗೋಡೌನೂ ತೆಗೆದುಕೊಳ್ಳಬಾರದು. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಶನ್ ವೋಚರ್ ತೆಗೆದುಕೊಳ್ಳಿ, ಡಿಪಾಸಿಟ್ ವಾಪಸ್ ಬರುತ್ತದೆ, ಮರಳಿ ಬಂದಾಗ ಅದನ್ನು ತೋರಿಸಿ ಮತ್ತೆ ಕನೆಕ್ಷನ್ ತೆಗೆದುಕೊಳ್ಳಬಹುದು. ಇನ್ವರ್ಟರ್ ಇಡಬಹುದು, ಬ್ಯಾಟರಿ ಬೇಡ. ಆಸಿಡ್ ಬ್ಯಾಟರಿ ಚಾರ್ಜ್ ಇಲ್ಲದೆ ಅಷ್ಟು ಕಾಲ ಬಿದ್ದಿದ್ದರೆ ಸತ್ತೇ ಹೋಗುತ್ತದೆ, ಸೋರಿದರೆ ಪಕ್ಕದವರ ಸಾಮಾನೂ ಹಾಳು. ಅಂಗಡಿಗೆ ಹಳೆ ಬ್ಯಾಟರಿ ಎಂದು ಕೊಟ್ಟುಬಿಡಿ.

ಉಡುಪಿಯವರು

ನಮ್ಮಲ್ಲಿ ಅಪ್ಪನ ಚೆಂಡೆ, ಮದ್ದಳೆ ಉಂಟು. ಅದನ್ನು?

ಉತ್ತರ

ಇಡಬೇಡಿ. ಚರ್ಮ ತೇವ ಎಳೆದು ಸಡಿಲವಾಗುತ್ತದೆ, ಮೇಲೆ ಬೂಷ್ಟು. ನುಡಿಸುವವರ ಮನೆಗೇ ಕೊಡಿ.

ಬಿಜೈಯ ಅಕ್ಕನಿಗೆ ಒಂದು ಬಿಟ್ಟುಹೋಯಿತು. ಎರಡು ವರ್ಷದ ನಂತರ ಸಾಮಾನು ಹೊರಗೆ ತಂದ ಕೂಡಲೇ ಮರದ್ದನ್ನು ಬಿಸಿಲಿಗೆ ಎಳೆಯಬೇಡಿ, ತೇವ ಕುಡಿದ ಮರ ಒಮ್ಮೆಲೇ ಒಣಗಿದರೆ ಬಿರುಕು ಬಿಡುತ್ತದೆ. ನಾಲ್ಕು ದಿನ ನೆರಳಲ್ಲಿ, ಫ್ಯಾನ್ ಕೆಳಗೆ ಇರಲಿ. ಫ್ರಿಜ್ ನೆಟ್ಟಗೆ ಬಂದಿದ್ದರೆ ಕೆಲವು ಗಂಟೆ, ಮಲಗಿಸಿ ತಂದಿದ್ದರೆ ಒಂದು ದಿನ ಹಾಗೆಯೇ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ. ಮತ್ತೆ ಲಿಸ್ಟ್ ಹಿಡಿದು ಒಂದೊಂದೇ ಬಿಚ್ಚಿ ನೋಡದೆ "ಎಲ್ಲ ಸರಿ ಇದೆ" ಎನ್ನುವ ಕಾಗದಕ್ಕೆ ಸಹಿ ಹಾಕಬೇಡಿ, ಲಾರಿಯವ ಎಷ್ಟು ಅವಸರ ಮಾಡಿದರೂ.