ಖರ್ಚಾಗದ ಅನುದಾನ: ‘ಉಳಿತಾಯ’ವೋ, ‘ಉಳಿಕೆ’ಯೋ?

ಆತ್ಮೀಯರೆ,

ಶಾಸನಸಭೆ ಒಪ್ಪಿದ ಅನುದಾನದಲ್ಲಿ ಮಾರ್ಚ್ 31ರ ವೇಳೆಗೆ ಖರ್ಚಾಗದೆ ನಿಂತ ಮೊತ್ತವನ್ನು ಸರ್ಕಾರದ ಧನವಿನಿಯೋಗ ಲೆಕ್ಕಗಳಲ್ಲಿ (ಒಪ್ಪಿದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಹೋಲಿಸುವ ವಾರ್ಷಿಕ ಲೆಕ್ಕ) ‘ಸೇವಿಂಗ್ಸ್’ ಎಂದು ತೋರಿಸುತ್ತಾರೆ. ಕನ್ನಡಕ್ಕೆ ತರುವವರ ಲೇಖನಿಗೆ ಮೊದಲು ಸಿಗುವ ಪದ ‘ಉಳಿತಾಯ’. ಅದು ಇಲ್ಲಿ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಅದರ ಜಾಗಕ್ಕೆ ಯಾವ ಪದವನ್ನು ತರಬೇಕು ಎಂಬ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ.

ಉಳಿತಾಯ ಎಂದೊಡನೆ ನಮ್ಮ ಕಿವಿಗೆ ಕೇಳಿಸುವುದು ಹಿಡಿತ, ಮಿತವ್ಯಯ, ಮುಂದಾಲೋಚನೆ. ಅಂದಾಜಿಗಿಂತ ಕಡಿಮೆ ದರಕ್ಕೆ ಟೆಂಡರ್ ಬಂದು, ಶಾಲೆಯ ಕಟ್ಟಡ ಮುಗಿದು, ಹಣ ಮಿಕ್ಕಿದರೆ ಧಾರಾಳವಾಗಿ ಉಳಿತಾಯ ಎನ್ನೋಣ. ಆದರೆ ಜಾಗದ ತಕರಾರಿನಿಂದ ಕಟ್ಟಡದ ಪಾಯವನ್ನೇ ತೋಡದಿದ್ದರೆ? ಮಂಜೂರಾದ ಹುದ್ದೆಗಳು ವರ್ಷವಿಡೀ ಖಾಲಿ ಬಿದ್ದಿದ್ದರೆ? ಲೆಕ್ಕದಲ್ಲಿ ಇವೂ ಅದೇ ಅಂಕಣಕ್ಕೆ ಬೀಳುತ್ತವೆ. ಪಂಚಾಯಿತಿ ಸದಸ್ಯರ ಓದಿಗೆಂದು ಲೆಕ್ಕ ಪರಿಶೋಧನೆಯ ಕೆಲವು ಪುಟಗಳನ್ನು ಸರಳಗೊಳಿಸಿ ಕೊಟ್ಟಿದ್ದೆ. ಅದನ್ನು ಓದಿದ ಸದಸ್ಯೆಯೊಬ್ಬರು, ‘ಇಷ್ಟು ಕೋಟಿ ಉಳಿತಾಯ ಮಾಡಿದ್ದಾರಲ್ಲ ಸಾರ್, ಒಳ್ಳೆಯದೇ ಅಲ್ಲವೇ? ತಪ್ಪು ಎಂದು ಏಕೆ ಬರೆದಿದ್ದಾರೆ?’ ಎಂದು ಕೇಳಿದರು. ಕನ್ನಡ ಬಲ್ಲವರು ಕೇಳಲೇಬೇಕಾದ ಪ್ರಶ್ನೆ ಅದು.

ಪತ್ರಿಕೆಗಳ ದಾರಿ ಬೇರೆ. ಅಲ್ಲಿ ‘ಅನುದಾನ ವಾಪಸ್’ ಎಂಬ ತಲೆಬರಹ ಪ್ರತಿ ಏಪ್ರಿಲ್‌ನಲ್ಲಿ ಕಾಣುತ್ತದೆ. ಓದುವುದಕ್ಕೆ ಚುರುಕಾಗಿದೆ, ಆದರೆ ಇದೂ ದಾರಿ ತಪ್ಪಿಸುತ್ತದೆ. ವಾಪಸ್ ಹೋಗಬೇಕಾದರೆ ಮೊದಲು ಬಂದಿರಬೇಕು. ಇಲಾಖೆಗೆ ಅನುದಾನ ಹಂಚಿಕೆಯಾಗುವುದೆಂದರೆ ಹಣದ ಗಂಟು ಬಂದು ಕೂರುವುದಲ್ಲ. ಇಂಥ ಲೆಕ್ಕಶೀರ್ಷಿಕೆಯಲ್ಲಿ ಇಷ್ಟರವರೆಗೆ ಖಜಾನೆಯಿಂದ ಸೆಳೆಯಬಹುದು ಎಂಬ ಅನುಮತಿ ಅಷ್ಟೇ. ಸಂವಿಧಾನದ 204ನೇ ವಿಧಿಯಂತೆ ಧನವಿನಿಯೋಗ ಕಾಯ್ದೆ ಆಗದೆ ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ವರಮಾನ ಸೇರುವ ಮುಖ್ಯ ನಿಧಿಯಿಂದ, ಹಣ ತೆಗೆಯುವಂತಿಲ್ಲ. ಆ ಕಾಯ್ದೆ ಕೊಡುವ ಅನುಮತಿ ಆ ಆರ್ಥಿಕ ವರ್ಷಕ್ಕೆ ಮಾತ್ರ. ಏಪ್ರಿಲ್ 1ಕ್ಕೆ ಅನುಮತಿ ಸಾಯುತ್ತದೆ; ಹಣ ಮೊದಲಿಂದಲೂ ಎಲ್ಲಿತ್ತೋ ಅಲ್ಲೇ ಇರುತ್ತದೆ. ಇದಕ್ಕೆ ಕಚೇರಿಗಳು ಬಳಸುವ ‘ವ್ಯಪಗತ’ ಕಿವಿಗೆ ಒರಟಾದರೂ ಅರ್ಥದಲ್ಲಿ ‘ವಾಪಸ್’ಗಿಂತ ಮೇಲು. ತಾಲ್ಲೂಕು ಕಚೇರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಎಲ್ಲರೂ ಹೇಳುವುದು ‘ಲ್ಯಾಪ್ಸ್ ಆಯಿತು’ ಎಂದೇ.

‘ಆಯಿತು’ ಎಂಬ ಕ್ರಿಯಾಪದವನ್ನೂ ಗಮನಿಸಿ. ಅಧಿಕಾರಿ ಕಡತದ ಮೇಲೆ ಕುಳಿತದ್ದಕ್ಕೂ ಅದೇ ಮಾತು. ಆರ್ಥಿಕ ಇಲಾಖೆ ಕೊನೆಯ ಕಂತನ್ನು ಮಾರ್ಚ್‌ನಲ್ಲಿ ಬಿಡುಗಡೆ ಮಾಡಿ, ಟೆಂಡರ್ ಕರೆಯಲೂ ಸಮಯ ಕೊಡದಿದ್ದಕ್ಕೂ ಅದೇ ಮಾತು. ಮೊದಲನೆಯದರಲ್ಲಿ ತಪ್ಪು ಕೆಳಗಿದೆ, ಎರಡನೆಯದರಲ್ಲಿ ಮೇಲಿದೆ. ಇಲಾಖೆಯನ್ನು ನಡೆಸುವವರು ಮೊದಲು ತಿಳಿಯಬೇಕಾದ ವ್ಯತ್ಯಾಸ ಇದು. ಧನವಿನಿಯೋಗ ಲೆಕ್ಕಗಳಲ್ಲಿ ಇಂಥ ಮೊತ್ತಗಳ ಕೆಳಗೆ ಮತ್ತೆ ಮತ್ತೆ ಕಾಣುವ ಸಾಲು, ‘ಉಳಿತಾಯಕ್ಕೆ ಕಾರಣಗಳನ್ನು ತಿಳಿಸಿರುವುದಿಲ್ಲ’ ಎಂಬರ್ಥದ್ದು. ಕೋಟಿಗಟ್ಟಲೆ ಮೊತ್ತಕ್ಕೆ ಒಂದು ಸಾಲಿನ ವಿವರಣೆಯೂ ಇಲಾಖೆಯಿಂದ ಹೋಗಿರುವುದಿಲ್ಲ! 2025ರ ಮಾರ್ಚ್‌ನಲ್ಲಿ ಮಂಡನೆಯಾದ ಕರ್ನಾಟಕದ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ ಎಂದು ನಾವೆಲ್ಲ ಓದಿದೆವು. ಗಾತ್ರದ ಸುದ್ದಿಗೆ ಮುಖಪುಟ. ಯಾವ ವರ್ಷದ್ದೇ ಆಗಲಿ, ಖರ್ಚಾದದ್ದೆಷ್ಟು ಎಂಬ ಲೆಕ್ಕ ಸದನಕ್ಕೆ ಬಂದ ದಿನ ಒಳಪುಟದ ಮೂಲೆ.

‘ಅಧ್ಯರ್ಪಣೆ’ (ಸರೆಂಡರ್) ಬಗ್ಗೆಯೂ ಒಂದು ಮಾತು. ಖರ್ಚಾಗುವುದಿಲ್ಲ ಎಂದು ಗೊತ್ತಾದ ಮೊತ್ತವನ್ನು ವರ್ಷ ಮುಗಿಯುವ ಮುನ್ನವೇ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟರೆ ಬೇಕಾದ ಕಡೆಗೆ ಅದನ್ನು ತಿರುಗಿಸಬಹುದು. ನೌಕರರಿಗೆ ಈ ಪದ ಗಳಿಕೆ ರಜೆಯ ನಗದೀಕರಣದಿಂದ ಚೆನ್ನಾಗಿ ಪರಿಚಿತ. ಅಲ್ಲಿ ಅಧ್ಯರ್ಪಿಸಿದರೆ ಕೈಗೆ ದುಡ್ಡು, ಇಲ್ಲಿ ಅಧ್ಯರ್ಪಿಸಿದರೆ ಮುಂದಿನ ವರ್ಷ ಅನುದಾನ ಕಡಿತವಾಗುವ ಭಯ. ಹಾಗಾಗಿ ಕೊನೆಯ ದಿನದವರೆಗೆ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಮಾರ್ಚ್ ಕೊನೆಯಲ್ಲಿ ಬಿಲ್ಲು ಮಾಡಿ, ಅಧಿಕಾರಿಯ ಹುದ್ದೆಯ ಹೆಸರಿನಲ್ಲಿ ಖಜಾನೆಯಲ್ಲೇ ಇರುವ ‘ವೈಯಕ್ತಿಕ ಠೇವಣಿ ಖಾತೆ’ಗೆ ಹಾಕಿಡುತ್ತಾರೆ. ಆಗ ಒಂದು ರೂಪಾಯಿಯ ಕೆಲಸವೂ ಆಗದೆ ಪುಸ್ತಕದಲ್ಲಿ ‘ವೆಚ್ಚ’ ಎಂದು ದಾಖಲಾಗುತ್ತದೆ. ವೆಚ್ಚ ಎಂಬ ಪದವೂ ನಂಬಿಕೆಗೆ ಅರ್ಹವಲ್ಲ ಎಂದಾಯಿತು! ಪರಿಶಿಷ್ಟರ ಉಪಯೋಜನೆಗಳ 2013ರ ಕಾಯ್ದೆಯಲ್ಲಿದ್ದ, 2023ರಲ್ಲಿ ಕೈಬಿಟ್ಟ 7(ಡಿ) ಉಪಬಂಧದ ಗಲಾಟೆಯೂ, ಎಲ್ಲರಿಗೂ ಸೇರಿದ ಕಾಮಗಾರಿಗೆ ಹಾಕಿದ ಹಣದ ಒಂದು ಪಾಲು ಪರಿಶಿಷ್ಟರಿಗಾಗಿ ‘ವೆಚ್ಚವಾಗಿದೆ ಎಂದು ಭಾವಿಸತಕ್ಕದ್ದು’ ಎಂಬುದರ ಸುತ್ತಲೇ ನಡೆಯಿತು. ಅದು ಬೇರೆಯೇ ಚರ್ಚೆಯಾದೀತು, ಇಲ್ಲಿಗೆ ಬಿಡುತ್ತೇನೆ.

ಬದಲಿ ಪದಗಳನ್ನು ಹುಡುಕಿ ನೋಡಿದೆ. ‘ಬಾಕಿ’ ಆಗದು, ಉಳಿದದ್ದೂ ಬಾಕಿ, ಕೊಡಬೇಕಾದದ್ದೂ ಬಾಕಿ. ಗುತ್ತಿಗೆದಾರರ ಬಿಲ್ಲಿನ ಬಾಕಿಯ ಜೊತೆ ಕಲಸಿಹೋಗುತ್ತದೆ. ‘ಶಿಲ್ಕು’ ನನಗೆ ಪ್ರಿಯವಾದ ಪದ. ಸಹಕಾರ ಸಂಘಗಳ ವರದಿಯಲ್ಲಿ ಆರಂಭ ಶಿಲ್ಕು, ಅಂತಿಮ ಶಿಲ್ಕು ಇವತ್ತಿಗೂ ಇವೆ. ಆದರೆ ಶಿಲ್ಕಿಗೆ ಕೈಯಲ್ಲಿ ನಗದು ಇರಬೇಕು, ಇಲ್ಲಿ ಇರುವುದು ಅನುಮತಿ. ‘ಮಿಗತೆ’ಯನ್ನು ಕೊರತೆಗೆ ಎದುರಾಗಿ ಮಿಗತೆ ಬಜೆಟ್ ಎಂದು ಆಗಲೇ ಬಳಸಿಬಿಟ್ಟಿದ್ದೇವೆ. ಸದ್ಯಕ್ಕೆ ನನ್ನ ಒಲವು ‘ಉಳಿಕೆ’ಯ ಕಡೆಗೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ‘ಬಳಸದ ಅನುದಾನ’ ಎಂದರೆ ಇನ್ನೂ ಸ್ಪಷ್ಟ. ಆದರೆ ಬಿಡುಗಡೆಯೇ ಆಗದ ಹಣವನ್ನು ‘ಬಳಸದ’ ಎಂದು ಕೆಳಗಿನವರ ಮೇಲೆ ಹೊರಿಸುವುದು ನ್ಯಾಯವೇ ಎಂಬ ಅಳುಕಿದೆ.

ಖಜಾನೆ, ಲೆಕ್ಕಪತ್ರ ಇಲಾಖೆಗಳಲ್ಲಿ ದುಡಿದವರು ಇಲ್ಲಿದ್ದರೆ ತಿಳಿಸಿ: ಹಳೆಯ ಮೈಸೂರು ಸಂಸ್ಥಾನದ ಕನ್ನಡ ಕಡತಗಳಲ್ಲಿ ಇದಕ್ಕೆ ಏನೆಂದು ಬರೆಯುತ್ತಿದ್ದರು? ಬೆಳಗಾವಿ, ಕಲಬುರಗಿ ಕಡೆಯ ದಫ್ತರಗಳಲ್ಲಿ ಮರಾಠಿಯಿಂದಲೋ ಉರ್ದುವಿನಿಂದಲೋ ಬಂದ ಬೇರೆ ಪದವಿತ್ತೇ? ಇನ್ನೊಂದು, ‘ಲ್ಯಾಪ್ಸ್ ಆಯಿತು’ ಎಂಬುದಕ್ಕೆ ಕರ್ತೃವನ್ನು ಬೇಡುವ ಕ್ರಿಯಾಪದ ಎಲ್ಲಾದರೂ ಬಳಕೆಯಲ್ಲಿದೆಯೇ? ‘ವ್ಯಪಗತಗೊಳಿಸಿದರು’ ಎಂದು ಬರೆದು ನೋಡಿದೆ. ವ್ಯಾಕರಣ ಒಪ್ಪುತ್ತದೆ, ಕಿವಿ ಒಪ್ಪುವುದಿಲ್ಲ.