ಕೆರೆ ಏರಿಯ ವೀರಗಲ್ಲು, ಶಾಸನ: ರಸ್ತೆ ಕೆಲಸ ಶುರುವಾಗುವ ಮೊದಲು ದಾಖಲೆ ಮಾಡಿಸುವುದು ಹೇಗೆ?

ಏರಿಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿ ತಾಲೂಕಿನಲ್ಲಿದೆ, ಬನವಾಸಿ ರಸ್ತೆಯಿಂದ ಒಳಗೆ ಹೋಗಬೇಕು. ಊರ ಕೆರೆಯ ಏರಿ ಮುಗಿಯುವ ಜಾಗದಲ್ಲಿ ಮೂರು ಹಳೇ ಕಲ್ಲು ನಿಂತಿವೆ. ಎರಡು ವೀರಗಲ್ಲು, ಒಂದು ಶಾಸನ. ವೀರಗಲ್ಲುಗಳಲ್ಲಿ ಒಂದಂತೂ ತುಂಬ ಚೆನ್ನಾಗಿ ಉಳಿದಿದೆ. ಕೆಳಗಿನ ಸಾಲಿನಲ್ಲಿ ಒಬ್ಬ ಬಿಲ್ಲು ಎಳೆದು ನಿಂತಿದ್ದಾನೆ, ಅವನ ಹಿಂದೆ ದನಗಳು, ಅದರಲ್ಲಿ ಒಂದು ಮಾತ್ರ ತಲೆ ತಿರುಗಿಸಿ ಹಿಂದೆ ನೋಡುತ್ತಿದೆ. ನಡುವಿನ ಸಾಲಿನಲ್ಲಿ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ. ಶಾಸನದ ಕಲ್ಲು ಅರ್ಧ ಹೂತಿದೆ, ಮೇಲಿನ ಕೆಲವು ಸಾಲು ಮಾತ್ರ ಕಾಣುತ್ತದೆ, ಅದೂ ಹಾವಸೆ ಹಿಡಿದಿದೆ.

ಈಗ ಏರಿ ಮೇಲಿನ ರಸ್ತೆ ಅಗಲ ಮಾಡಿ ಕಾಂಕ್ರೀಟ್ ಹಾಕುತ್ತಾರಂತೆ. ಮಳೆಗಾಲ ಮುಗಿದ ಕೂಡಲೇ ಕೆಲಸ. ಕಂಟ್ರಾಕ್ಟರ್ ಕಡೆಯವರು ಬಂದು ನೋಡಿ, ಜೆಸಿಬಿಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರಾಯಿತು ಅಂತ ಹೇಳಿ ಹೋದರು. ದೇವಸ್ಥಾನದ ಜೀರ್ಣೋದ್ಧಾರ ಕಮಿಟಿಯವರು ಹೊಸ ಕಂಪೌಂಡ್ ಗೋಡೆಯಲ್ಲಿ ಸಿಮೆಂಟ್ ಹಾಕಿ ಕೂರಿಸಿ ಬಣ್ಣ ಹೊಡೆಸೋಣ ಅನ್ನುತ್ತಿದ್ದಾರೆ. ಅವರದ್ದು ಒಳ್ಳೆಯ ಮನಸ್ಸೇ, ಹಾಳಾಗಬಾರದು ಅಂತಲೇ ಹೇಳುತ್ತಿರುವುದು.

ನಾನು ಪುರಾತತ್ವ ಇಲಾಖೆಗೆ ಬರೆಯೋಣ ಅಂದರೆ ಊರಿನ ಹಿರಿಯರು ಬೇಡವೇ ಬೇಡ ಅನ್ನುತ್ತಾರೆ. ಒಮ್ಮೆ ಅವರ ಪಟ್ಟಿಗೆ ಸೇರಿದರೆ ಸುತ್ತ ನೂರು ಮೀಟರ್ ಯಾರೂ ಒಂದು ಕೊಟ್ಟಿಗೆಯನ್ನೂ ಕಟ್ಟುವ ಹಾಗಿಲ್ಲ, ಸುಮ್ನೆ ಊರಿಗೆ ತಲೆನೋವು ತರಬೇಡ ಅಂತ. ಏರಿಯ ಕೆಳಗೇ ಒಬ್ಬರು ಮನೆ ಕಟ್ಟಿಸಲು ಪಾಯ ತೆಗೆಸುತ್ತಿದ್ದಾರೆ, ಅವರಂತೂ ಹೆದರಿ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ. ಈ ನೂರು ಮೀಟರ್ ಮಾತು ನಿಜವಾ? ಯಾರಿಗೆ ಬರೆಯಬೇಕು? ಬರೆಯದೇ ಇದ್ದರೂ ಈ ಕಲ್ಲುಗಳಿಗೆ ಕಾನೂನಿನ ರಕ್ಷಣೆ ಏನಾದರೂ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಳಿದಂಡೆ, ಕಾರವಾರ

ಮೊದಲು ನಿಮ್ಮ ಊರಿನವರ ಹೆದರಿಕೆಗೆ ಉತ್ತರ, ಯಾಕೆಂದರೆ ಈ ಜಿಲ್ಲೆಯಲ್ಲಿ ಎಷ್ಟೋ ಕಲ್ಲುಗಳು ಸುದ್ದಿಯಿಲ್ಲದೆ ಹೋಗಿರುವುದು ಇದೇ ಹೆದರಿಕೆಯಿಂದ. ದಾಖಲೆ ಮಾಡಿಸುವುದು ಬೇರೆ, ರಕ್ಷಿತ ಸ್ಮಾರಕ ಅಂತ ಘೋಷಣೆ ಆಗುವುದು ಬೇರೆ. ನಿಮ್ಮ ಕಲ್ಲಿನ ಫೋಟೋ, ಅಳತೆ, ಜಾಗ, ಓದಿದ ಪಾಠ ಇಲಾಖೆಯ ಪುಸ್ತಕದಲ್ಲಿ ಬಂದರೆ ಅದರಿಂದ ಪಕ್ಕದ ಮನೆಗೆ ಯಾವ ಅಡ್ಡಿಯೂ ಇಲ್ಲ. ಒಂದೇ ಒಂದು ಮೀಟರ್ ನಿಷೇಧವೂ ಹುಟ್ಟುವುದಿಲ್ಲ.

ನೂರು ಮೀಟರ್ ನಿಯಮ ಇರುವುದು ಕೇಂದ್ರ ಸರ್ಕಾರ ರಾಷ್ಟ್ರೀಯ ಮಹತ್ವದ್ದು ಅಂತ ಘೋಷಿಸಿದ ಸ್ಮಾರಕಗಳಿಗೆ. 1958ರ ಕಾಯ್ದೆ ಅದು. ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲು 1992ರ ಜೂನ್ 16ರ ಅಧಿಸೂಚನೆಯಲ್ಲಿ ಬಂತು, 2010ರ ತಿದ್ದುಪಡಿಯಲ್ಲಿ ಕಾಯ್ದೆಯ ಒಳಗೇ ಸೇರಿ ಗಟ್ಟಿಯಾಯಿತು. ನಿಮ್ಮ ಹತ್ತಿರದ ಬನವಾಸಿ ಮಧುಕೇಶ್ವರ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಇಂಥವು ಆ ಪಟ್ಟಿಯಲ್ಲಿವೆ. ನಿಮ್ಮ ಕೆರೆ ಏರಿ ಇಲ್ಲ.

ಆ ಪಟ್ಟಿಗೆ ಸೇರುವುದು ಒಂದು ರಾತ್ರಿಯಲ್ಲಿ ಆಗುವ ಕೆಲಸವೂ ಅಲ್ಲ. ಘೋಷಿಸುವ ಉದ್ದೇಶ ಇದೆ ಅಂತ ಸರ್ಕಾರ ಮೊದಲು ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು, ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು, ಬಂದ ಆಕ್ಷೇಪಣೆ ನೋಡಿ ಆಮೇಲೆ ಅಂತಿಮ ಅಧಿಸೂಚನೆ. ಊರಿಗೆ ಗೊತ್ತಾಗದೇ ಯಾವುದೂ ಆಗುವುದಿಲ್ಲ. ರಾಜ್ಯದ್ದು ಬೇರೆ ಕಾಯ್ದೆ, 1961ರದ್ದು. ಅದರಲ್ಲೂ ಅಧಿಸೂಚನೆ ಆಗಲೇಬೇಕು. ಕರ್ನಾಟಕದಲ್ಲಿ ಕೇಂದ್ರದ ಪಟ್ಟಿಯಲ್ಲಿ 500ಕ್ಕೂ ಜಾಸ್ತಿ, ರಾಜ್ಯದ ಪಟ್ಟಿಯಲ್ಲಿ 800ಕ್ಕೂ ಜಾಸ್ತಿ ಸ್ಮಾರಕಗಳಿವೆ. ವೀರಗಲ್ಲು, ಶಾಸನಗಳೋ ಸಾವಿರಗಟ್ಟಲೆ. ಹಾಗಾಗಿ ದಾರಿ ಬದಿಯ ಒಂದೊಂದು ಕಲ್ಲೂ ರಕ್ಷಿತ ಸ್ಮಾರಕ ಆಗುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಅವನ್ನು ಉಳಿಸುವ ದಾರಿ ದಾಖಲೆಯೇ.

ಇನ್ನು ಈಗಿರುವ ರಕ್ಷಣೆ. ಕೇಂದ್ರದ 1958ರ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಅಂದರೆ ಏನು ಅಂತ ಹೇಳುವಾಗ ಶಾಸನ, ಒಂಟಿ ಕಲ್ಲು ಎರಡನ್ನೂ ಹೆಸರು ಹೇಳಿಯೇ ಸೇರಿಸಿದ್ದಾರೆ, ನೂರು ವರ್ಷ ಹಳೆಯದಾಗಿದ್ದರೆ ಸಾಕು. ಆದರೆ ಅದು ಬರೀ ಅರ್ಹತೆ. ಕೆಡವಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅನ್ನುವುದು ಕೇಂದ್ರದ ರಕ್ಷಿತ ಸ್ಮಾರಕಗಳಿಗೆ ಮಾತ್ರ. ಅಧಿಸೂಚನೆ ಆಗದ ಕಲ್ಲನ್ನು ಜೆಸಿಬಿ ಎತ್ತಿದರೆ ಈ ಕಲಂ ಸಹಾಯಕ್ಕೆ ಬರುವುದಿಲ್ಲ. ಇದನ್ನು ಹೇಳಲು ಬೇಜಾರಾಗುತ್ತದೆ, ಆದರೆ ನಿಜ ಸಂಗತಿ ಇದು. ಬೇರೆಡೆಗೆ ಸಾಗಿಸಿ ಮಾರುವವರ ಮೇಲೆ 1972ರ ಪುರಾವಸ್ತು ಕಾಯ್ದೆ ಇದೆ. ಪರವಾನಗಿ ಇಲ್ಲದೆ ಪುರಾವಸ್ತು ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತೆಯೇ ಇಲ್ಲ.

ಹಾಗಾಗಿ ಈ ವಾರವೇ ಪತ್ರ ಬರೆಯಿರಿ. ಗ್ರಾಮ ಪಂಚಾಯ್ತಿ ಪಿಡಿಒ ಅವರಿಗೆ ಒಂದು, ತಹಶೀಲ್ದಾರರಿಗೆ ಒಂದು, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು. ಪ್ರತಿಯನ್ನು ಧಾರವಾಡದ ಕೇಂದ್ರ ಪುರಾತತ್ವ ಕಚೇರಿಗೂ ಕಳಿಸಿ. ಫೋಟೋ, ಸರ್ವೆ ನಂಬರ್ ಇರಲಿ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಪಂಚಾಯ್ತಿಯಲ್ಲಿ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಗ್ರಾಮಸಭೆಯಲ್ಲಿ ಇದನ್ನು ಇದ್ದ ಜಾಗದಲ್ಲೇ ಉಳಿಸಬೇಕು ಅಂತ ಒಂದು ಠರಾವು ಆಗಿಬಿಟ್ಟರೆ ಕಂಟ್ರಾಕ್ಟರ್ ಮುಂದೆ ಅದಕ್ಕಿಂತ ದೊಡ್ಡ ಕಾಗದ ಬೇಕಾಗುವುದಿಲ್ಲ.

ಪೇಟೆಬೀದಿ, ಭಟ್ಕಳ

ಮೇಲೆ ಬರೆದದ್ದು ಸರಿ. ನೂರು ಮೀಟರ್ ಒಳಗೆ ಇರುವವರ ಕಷ್ಟವನ್ನೂ ಒಂದು ಮಾತು ಹೇಳುತ್ತೇನೆ. ನಮ್ಮದು ಕೇಂದ್ರದ ಪಟ್ಟಿಯಲ್ಲಿರುವ ದೇವಸ್ಥಾನದ ಹತ್ತಿರದ ಹಳೇ ಹೆಂಚಿನ ಮನೆ. ಹೆಂಚಿನ ಕೆಳಗಿನ ಮರದ ಪಕಾಸು ಗೆದ್ದಲು ಹಿಡಿದಾಗ ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ, ನೀವು ಒಂದು ಹೆಂಚು ಕೂಡ ಬದಲಿಸುವ ಹಾಗಿಲ್ಲ ಅಂತ. ಅದು ಸುಳ್ಳು. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು, ಅನುಮತಿ ಸಿಗುತ್ತದೆ. ಹೊಸದಾಗಿ ಕಟ್ಟುವುದಕ್ಕೆ ಮಾತ್ರ ಆಗುವುದಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು. ಹಳೇ ಮನೆಯ ತೆರಿಗೆ ರಸೀದಿಗಳನ್ನು ಇಟ್ಟುಕೊಂಡಿದ್ದರೆ ಕೆಲಸ ಸುಲಭ.

ಈ ಕಷ್ಟ ಇದ್ದರೂ ನಾನು ಆ ನಿಯಮದ ಪರವೇ. ನಮ್ಮಲ್ಲಿ ಕೇತಪೈ ನಾರಾಯಣ ದೇವಸ್ಥಾನ ಇದೆ, ಹದಿನಾರನೇ ಶತಮಾನದ್ದು, ಕೇತಪೈ ಅನ್ನುವ ವ್ಯಾಪಾರಿ ಕಟ್ಟಿಸಿದ್ದು. ನೋಡದೇ ಇದ್ದವರು ಒಮ್ಮೆ ಬನ್ನಿ. ನಮ್ಮ ಕರಾವಳಿಯ ಮಳೆಗೆ ಮನೆಗಳ ಮಾಡು ಇಳಿಜಾರಾಗಿ ಇರುತ್ತದಲ್ಲ, ಅದೇ ಮಾಡನ್ನು ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿಯಲ್ಲಿ ಮಾಡಿದ್ದಾರೆ. ಗೋಡೆಗೆ ಕಲ್ಲಿನ ಪಟ್ಟಿಗಳ ಜಾಲಂದ್ರ. ಸುತ್ತ ಮೂರು ಮಹಡಿ ಎದ್ದಿದ್ದರೆ ಇವತ್ತು ಆ ಮಾಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಿಮ್ಮ ಕಲ್ಲುಗಳ ಬಗ್ಗೆ ನನ್ನದೊಂದು ಯೋಚನೆ. ರಸ್ತೆಗೆ ಅಷ್ಟು ಹತ್ತಿರ ಇದ್ದರೆ ಮ್ಯೂಸಿಯಂಗೆ ಕೊಡುವುದೇ ಒಳ್ಳೆಯದಲ್ವಾ? ಕಳ್ಳರ ಕಾಟವೂ ಇರುವುದಿಲ್ಲ.

ಶರಾವತಿ, ಹೊನ್ನಾವರ

ಮ್ಯೂಸಿಯಂ ಕೊನೆಯ ದಾರಿ ಆಗಲಿ, ಮೊದಲನೆಯದು ಬೇಡ. ಶಾಸನ ಅಂದರೆ ಹೆಚ್ಚಿನ ಸಲ ಒಂದು ದಾನಪತ್ರ. ಇಂಥ ಗದ್ದೆ, ಇಂಥ ಕೆರೆ ಕೆಳಗೆ, ಮೂಡಲಿಗೆ ಇದು, ಪಡುವಲಿಗೆ ಇದು ಅಂತ ಗಡಿ ಹೇಳುತ್ತದೆ. ಕಲ್ಲು ಎದ್ದು ಹೋದರೆ ಆ ಮೂಡಲು ಪಡುವಲಿಗೆ ಅರ್ಥವೇ ಇರುವುದಿಲ್ಲ. ನಿಮ್ಮ ವೀರಗಲ್ಲೂ ಹಾಗೆಯೇ. ದನಗಳಿವೆ ಅಂದರೆ ಅದು ತುರುಗಾಳಗ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು. ಅವನು ಯಾವ ಊರಿಗಾಗಿ ಸತ್ತನೋ ಆ ಊರಿನಲ್ಲೇ ಇರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮುಖ್ಯ ವಿಷಯ. ಇದೆಲ್ಲ ಬ್ರಿಟಿಷರ ಕಾಲದಲ್ಲೇ ಪುಸ್ತಕಕ್ಕೆ ಬಂದಿರುತ್ತದೆ ಅಂತ ಜನ ತಿಳಿದಿದ್ದಾರೆ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಬಂದದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು, ಹಾಗಾಗಿ ಅದರೊಳಗೆ ಬರಲೇ ಇಲ್ಲ. ಘಟ್ಟದ ಆಚೆ ಸೊರಬದ ಹಳ್ಳಿಯ ಶಾಸನ ಪುಸ್ತಕದಲ್ಲಿ ಸಿಗುತ್ತದೆ, ವರದಾ ನದಿ ದಾಟಿದರೆ ಅದೇ ಪುಸ್ತಕದಲ್ಲಿ ನಮ್ಮೂರುಗಳೇ ಇಲ್ಲ. ನಮ್ಮ ಕಡೆಯದ್ದನ್ನು ಬಾಂಬೆ ಕರ್ನಾಟಕದ ಶಾಸನ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಲ್ಲಿ, ಕೇಂದ್ರದ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಊರಿನ ಹೆಸರು ಹಿಡಿದು ನೋಡಿ. ಅಲ್ಲಿ ಸಿಕ್ಕಿದರೆ ಪತ್ರದಲ್ಲಿ ಸಂಪುಟ, ಸಂಖ್ಯೆ ಬರೆಯಿರಿ, ಪತ್ರಕ್ಕೆ ತೂಕ ಬರುತ್ತದೆ. ಸಿಗದಿದ್ದರೆ ಹೊಸ ಶಾಸನ ಇರಬಹುದು, ಆಗ ಶಾಸನ ಓದುವವರು ತಾವಾಗಿಯೇ ಓಡಿ ಬರುತ್ತಾರೆ.

ಫೋಟೋ ತೆಗೆಯುವಾಗ ನಡು ಮಧ್ಯಾಹ್ನ ಬೇಡ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಇನ್ನೂ ಒಳ್ಳೆಯದು ಅಂದರೆ ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಪಕ್ಕದಿಂದ ಬೆಳಕು ಬಿಡಬೇಕು, ಹಗಲಲ್ಲಿ ಕಾಣದ ಅಕ್ಷರ ಆಗ ಎದ್ದು ಬರುತ್ತದೆ. ಮುಂದೆ, ಹಿಂದೆ, ಎರಡೂ ಬದಿ ತೆಗೆಯಿರಿ. ಬದಿಯಲ್ಲೂ ಬರೆದಿರುತ್ತಾರೆ. ಪಕ್ಕದಲ್ಲಿ ಅಳತೆ ಟೇಪು ಕಾಣುವಂತೆ ಇಡಿ. ಆಮೇಲೆ ದೂರ ನಿಂತು ಕೆರೆ, ಏರಿ, ಕಲ್ಲು ಒಟ್ಟಿಗೆ ಬರುವ ಒಂದು ಫೋಟೋ. ಹಾವಸೆ ತೆಗೆಯಲು ಮೆತ್ತಗಿನ ಬ್ರಷ್, ನೀರು ಸಾಕು. ತಂತಿ ಬ್ರಷ್, ಆಸಿಡ್ ಮುಟ್ಟಿಸಲೇಬೇಡಿ. ಅಕ್ಷರಕ್ಕೆ ಸೀಮೆಸುಣ್ಣ ತಿದ್ದಬೇಡಿ, ನೀವು ತಪ್ಪಾಗಿ ಎಳೆದ ಗೆರೆಯನ್ನೇ ಮುಂದಿನವರು ಅಕ್ಷರ ಅಂತ ಓದುತ್ತಾರೆ. ಹೂತಿರುವ ಭಾಗವನ್ನು ನೀವೇ ಅಗೆಯಬೇಡಿ, ಇಲಾಖೆಯವರು ಬಂದು ಕಾಗದ ಒತ್ತಿ ಪಡಿಯಚ್ಚು ತೆಗೆಯುವಾಗ ಅದು ಆಗಲಿ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಒಮ್ಮೆ ಗುಂಡಿ ಕಂಡರೆ ನಿಧಿ ಆಸೆಯವರು ರಾತ್ರಿ ಬಂದು ಬುಡವನ್ನೇ ಕೀಳುತ್ತಾರೆ. ಹಾಗೆಯೇ ನಿಖರ ಜಾಗ ಪತ್ರದಲ್ಲಿ ಇರಲಿ, ಫೇಸ್‌ಬುಕ್‌ನಲ್ಲಿ ಬೇಡ.

ಕಮಿಟಿಯವರಿಗೆ ನಿಧಾನಕ್ಕೆ ಹೇಳಿ ನೋಡಿ. ಸಿಮೆಂಟಿನಲ್ಲಿ ಕೂರಿಸಿದರೆ ಹಿಂಬದಿ, ಬದಿ, ಬುಡ ಎಲ್ಲ ಶಾಶ್ವತವಾಗಿ ಮುಚ್ಚಿ ಹೋಗುತ್ತದೆ, ಒಳಗೆ ನೀರಿನ ಪಸೆ ನಿಂತು ಕಲ್ಲು ಪದರ ಪದರವಾಗಿ ಏಳುತ್ತದೆ. ಆಯಿಲ್ ಪೇಂಟ್ ಹೊಡೆದರೆ ಅಕ್ಷರದ ಗೀರೇ ತುಂಬಿ ಹೋಗುತ್ತದೆ. ಇಂಥ ಶಾಸನಗಳ ಕೊನೆಯಲ್ಲಿ ಇದನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಅಂತ ಬರೆದಿರುತ್ತಾರೆ. ದೇವಸ್ಥಾನದ ಕೆಲಸ ಮಾಡುವವರಿಗೆ ಕಾಯ್ದೆಯ ಕಲಮ್ಮಿಗಿಂತ ಈ ಮಾತು ಬೇಗ ನಾಟುತ್ತದೆ.

ಏರಿಮನೆ, ಶಿರಸಿ

ಎಲ್ಲರಿಗೂ ತುಂಬ ಧನ್ಯವಾದ. ಗೆಜೆಟ್, ಎರಡು ತಿಂಗಳ ಆಕ್ಷೇಪಣೆ ವಿಷಯ ಓದಿ ಹೇಳಿದ ಮೇಲೆ ಪಾಯ ತೆಗೆಸುತ್ತಿರುವವರು ಸ್ವಲ್ಪ ಸಮಾಧಾನ ಆಗಿದ್ದಾರೆ, ಗ್ರಾಮಸಭೆಗೆ ತಾವೂ ಬರುತ್ತೇನೆ ಅಂದರು. ಒಂದು ತೊಡಕು ಉಳಿದಿದೆ. ಪಹಣಿ ತೆಗೆಸಿದರೆ ಶಾಸನ ಇರುವ ಜಾಗ ಕೆರೆಯ ಸರ್ವೆ ನಂಬರ್ ಒಳಗೆ ಬರುತ್ತದೆ, ವೀರಗಲ್ಲು ಎರಡೂ ಪಕ್ಕದ ಬೆಟ್ಟದ ಸರ್ವೆ ನಂಬರ್ ಒಳಗೆ, ಅದು ಅರಣ್ಯ. ಈಗ ಯಾರ ಅನುಮತಿ ಬೇಕು? ಕಲ್ಲು ಸರಿಸಲೇಬೇಕು ಅಂತ ಎಂಜಿನಿಯರ್ ಹಟ ಹಿಡಿದರೆ ಏನು ಮಾಡಲಿ?

ಕಾಳಿದಂಡೆ, ಕಾರವಾರ

ಅರಣ್ಯ ಆಗಿದ್ದು ನಿಮಗೆ ಅನುಕೂಲವೇ ಆಯಿತು. ಅರಣ್ಯದ ಜಾಗಕ್ಕೆ ರಸ್ತೆ ಅಗಲ ಮಾಡಲು ಪಂಚಾಯ್ತಿ ಹೇಗೂ ಆ ಇಲಾಖೆಯನ್ನು ಕೇಳಲೇಬೇಕು. ವಲಯ ಅರಣ್ಯಾಧಿಕಾರಿಗೂ ಒಂದು ಪತ್ರ ಕೊಡಿ, ಅದೇ ಫೋಟೋ ಹಚ್ಚಿ. ಈ ಜಿಲ್ಲೆಯ ಹೆಚ್ಚಿನ ಭಾಗ ಕಾಡೇ ಆಗಿರುವುದರಿಂದ ಎಷ್ಟೋ ವೀರಗಲ್ಲು, ಮಾಸ್ತಿ ಕಲ್ಲುಗಳು (ಸತಿ ಹೋದವರ ನೆನಪಿನ ಕಲ್ಲು) ಅವರ ಜಾಗದಲ್ಲೇ ನಿಂತಿವೆ, ಗಾರ್ಡುಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎಂಜಿನಿಯರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಅಂದಾಜುಪಟ್ಟಿ, ನಕ್ಷೆ ನೋಡಲು ಕೇಳಿ. ಏರಿಯ ತುದಿಯಲ್ಲಿ ರಸ್ತೆಯನ್ನು ಕೆರೆಯ ಕಡೆಗೆ ಸ್ವಲ್ಪ ಜರುಗಿಸಲು ಜಾಗ ಇದೆಯಾ ಅಂತ ಅವರ ಕೈಯಲ್ಲೇ ಅಳತೆ ಹಾಕಿಸಿ. ಕೆಲಸ ಶುರುವಾಗುವ ಮೊದಲು ನಕ್ಷೆಯಲ್ಲಿ ಮೂರು ಕಲ್ಲುಗಳ ಗುರುತು ಬರಬೇಕು, ಅಷ್ಟಾದರೆ ಅರ್ಧ ಕೆಲಸ ಆದಂತೆ. ಯಾವ ದಾರಿಯೂ ಇಲ್ಲದೆ ಸರಿಸಲೇಬೇಕಾದರೆ ಪುರಾತತ್ವ ಇಲಾಖೆಯವರು ಬಂದು ನೋಡಿದ ಮೇಲೆಯೇ ಆಗಲಿ. ಜೆಸಿಬಿ ಬಕೆಟ್ಟೂ ಬೇಡ, ಸರಪಣಿಯೂ ಬೇಡ, ಅಂಚು ಚಕ್ಕೆ ಏಳುತ್ತದೆ. ಬಟ್ಟೆಯ ಬೆಲ್ಟು, ಕೆಳಗೆ ಮರದ ಹಲಗೆ. ಯಾವ ದಿಕ್ಕಿಗೆ ಮುಖ ಇತ್ತೋ ಅದೇ ದಿಕ್ಕಿಗೆ, ಕೆರೆಯ ಹತ್ತಿರವೇ ನಿಲ್ಲಿಸಿ, ಹಳೇ ಜಾಗ ಎಲ್ಲಿತ್ತು ಅನ್ನುವುದು ಪಂಚಾಯ್ತಿ ಪುಸ್ತಕದಲ್ಲಿ ಬರೆದಿರಲಿ.

ಪತ್ರದ ಕರಡು ಬೇಕಾದರೆ ಇಲ್ಲೇ ಹಾಕುತ್ತೇನೆ, ಊರಿನ ಹೆಸರು ಬಿಟ್ಟು. ಬೇರೆ ಊರಿನವರಿಗೂ ಉಪಯೋಗಕ್ಕೆ ಬರಬಹುದು.